ರೂಪಶ್ರೀಯ ನಾಲ್ಕು ಗುಂಟೆ

ಹುಲ್ಲು ಎಣಿಸುವುದಕ್ಕೆ ವಿದೇಶಕ್ಕೆ ಹೋಗಬೇಕೇ ಎಂದು ಭೀಮನಬೀಡಿನಲ್ಲಿ ಕೇಳದವರಿಲ್ಲ. ಕೇಳಿದವರ ತಪ್ಪೂ ಅಲ್ಲ. ಪುಟ್ಟಬಸಪ್ಪನ ಮಗಳು ರೂಪಶ್ರೀ ಚಾಮರಾಜನಗರದಲ್ಲಿ ಡಿಗ್ರಿ, ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ನಾರ್ವೆಯಲ್ಲಿ ಮಾಡುತ್ತಿದ್ದದ್ದು ಅದನ್ನೇ. ಅಲ್ಲಿನ ಬೇಸಿಗೆಯಲ್ಲಿ ಒಂದಷ್ಟು ದಿನ ಸಮುದ್ರದಂಚಿನ ಬಯಲಲ್ಲಿ, ಒಂದಷ್ಟು ದಿನ ಕುರಿ ಮೇಯುವ ಬೆಟ್ಟದ ಮೇಲೆ, ಮೀಟರ್ ಅಗಲದ ಚೌಕ ಹಾಕಿ ಮಂಡಿಯೂರಿ ಅದರೊಳಗಿನ ಗಿಡಗಳನ್ನು ಹೆಸರು ಹಿಡಿದು ಎಣಿಸುವುದು. ಯಾರೂ ಉಳದೆ, ಕೀಳದೆ ಬಿಟ್ಟ ನೆಲದಲ್ಲಿ ಯಾವ ಗಿಡ ಯಾವುದನ್ನು ಓಡಿಸುತ್ತದೆ ಎಂಬುದೇ ಅವಳ ಪಿಎಚ್‌ಡಿ.

ಬೆಟ್ಟ, ಕರಾವಳಿ ಎರಡೇ ಸಾಕು ಎಂದು ಅಲ್ಲಿನ ಗೈಡ್ ಮೇಡಂ ಹೇಳಿದ್ದರು. ಬಿಸಿಲ ನಾಡಿನ ನೆಲವೂ ಇರಲಿ ಎಂದು ಹಟ ಹಿಡಿದವಳು ರೂಪಶ್ರೀ. ಚೆಂಡು ಹೂ ಬೆಳೆಯುತ್ತಿದ್ದ ರಸ್ತೆ ಪಕ್ಕದ ನಾಲ್ಕು ಗುಂಟೆಯನ್ನು ಅಪ್ಪನಿಂದ ಕೇಳಿ ಪಡೆದು, ಕಬ್ಬಿಣದ ಗೂಟ ಹೊಡೆದು ಇಪ್ಪತ್ತು ಚೌಕ ಮಾಡಿದಳು. ನಾಲ್ಕು ವರ್ಷ ಅದು ಬೀಳು ಬೀಳಬೇಕು, ಪ್ರತಿ ಸೆಪ್ಟೆಂಬರಿನಲ್ಲಿ ಅವಳು ಬಂದು ಎಣಿಸಬೇಕು. ಮೂರು ಎಣಿಕೆ ಆಗಿತ್ತು. ನಾಲ್ಕನೆಯದು ಸಿಗದಿದ್ದರೆ ಮೊದಲಿನ ಮೂರೂ ದಂಡ.

ಪುಟ್ಟಬಸಪ್ಪನಿಗೆ ಅದು ಸಣ್ಣ ಮಾತಲ್ಲ. ರಸ್ತೆಗೆ ಕಾಣುವ ಹೊಲದಲ್ಲಿ ಕಳೆ ನಿಂತರೆ ಒಕ್ಕಲಿನ ಮಾನ ಹೋದಂತೆ. ಕೈಲಾಗದಿದ್ದರೆ ಹೊಲ ನನಗೇ ಕೊಡು ಎಂದು ಪಕ್ಕದ ಹೊಲದ ಗುರುಮಲ್ಲಯ್ಯ ರೇಗಿಸುತ್ತಿದ್ದ. ಮಗಳಿಗಾಗಿ ಅವನು ಎಲ್ಲವನ್ನೂ ನುಂಗಿಕೊಂಡ.

ಈ ಸಲ ಮೇಡಂ ತಾವೇ ನೋಡಲು ಬಂದರು. ಮೈಸೂರಿನಿಂದ ರೂಪಶ್ರೀ ಫೋನ್ ಮಾಡಿದಾಗ, ಎಲ್ಲಾ ರೆಡಿ ಆಗಿದೆ ಎಂದಳು ಅವ್ವ ಶಾಂತಮಲ್ಲಮ್ಮ. ಅಡುಗೆ ಇರಬೇಕು ಎಂದುಕೊಂಡಳು ಮಗಳು.

ಕಾರಿಳಿದು ನೋಡಿದರೆ ನಾಲ್ಕು ಗುಂಟೆ ಬರಿ ಕೆಂಪು ಮಣ್ಣು. ಒಂದು ಗರಿಕೆಯೂ ಇರಲಿಲ್ಲ. ಗೂಟಗಳನ್ನು ತೊಳೆದು, ಕಟ್ಟು ಕಟ್ಟಿ ಬೇವಿನ ಮರಕ್ಕೆ ಒರಗಿಸಿದ್ದರು. ಬಿಳಿ ಪಂಚೆಯುಟ್ಟ ಪುಟ್ಟಬಸಪ್ಪ ಎಳನೀರು ಇಟ್ಟುಕೊಂಡು ಬದುವಿನ ಮೇಲೆ ನಿಂತಿದ್ದ.

"ನಾಕಾಳ್ ಬುಟ್ಟು ಎರಡು ದಿನ ಕೀಳುಸ್ದೆ ಕಣಮ್ಮಿ. ಮೂರ್ ಸಲ ಎಣಿಸ್ಕಂಡಿದ್ದೀಯಲ್ಲ, ಸಾಕು ಅನ್ಕಂಡೆ. ನಿಮ್ ಮೇಡಮ್ಮು ಅಷ್ಟು ದೂರದಿಂದ ಬಂದು ಕಳೆ ನೋಡ್ಕಂಡು ಓಗದಾ?"

ಮೇಡಂ ಪಕ್ಕದಲ್ಲಿ ಇಲ್ಲದಿದ್ದರೆ ರೂಪಶ್ರೀ ಅಪ್ಪನ ಮೇಲೆ ಕೂಗಾಡಿಬಿಡುತ್ತಿದ್ದಳು. ಅವರಿಗೆ ಹೇಳಿರಲಿಲ್ಲವೇ ಎಂದು ಮೇಡಂ ಮೆಲ್ಲಗೆ ಕೇಳಿದರು. ಮುಟ್ಟಬೇಡ ಎಂದು ಪ್ರತಿ ಫೋನಿನಲ್ಲೂ ಹೇಳಿದ್ದಳು. ಯಾಕೆ ಎಂದು ಒಮ್ಮೆಯೂ ಹೇಳಿರಲಿಲ್ಲ. ನಾರ್ವೆಯ ಬೆಟ್ಟದಲ್ಲಿ ಭಾಷೆ ಬಾರದ ಕುರಿಗಾಹಿಗೆ ಕೈಸನ್ನೆ ಮಾಡಿ ಇದನ್ನೇ ಅರ್ಥ ಮಾಡಿಸಿದವಳು, ಅಪ್ಪ ಕೇಳಿದರೆ ಮಾತ್ರ ನಿನಗೆ ಗೊತ್ತಾಗಲ್ಲ ಬಿಡಪ್ಪ ಎನ್ನುತ್ತಿದ್ದಳು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಬೆಟ್ಟ, ಕರಾವಳಿಯನ್ನಷ್ಟೇ ಇಟ್ಟುಕೊಂಡು ಬರೆ, ಇದನ್ನು ಕೈಬಿಡು ಎಂದು ಹೇಳಿ ಮೇಡಂ ಊಟ ಮುಗಿಸಿ ಗುಂಡ್ಲುಪೇಟೆಗೆ ಹೊರಟರು. ನಾಲ್ಕು ವರ್ಷದ ಕೆಲಸ ಅನ್ನ ಸಾರಿನ ಜೊತೆಗೇ ಮುಗಿಯಿತು.

ಸಂಜೆ ಜಗಲಿಯಲ್ಲಿ ಅಳುತ್ತ ಕುಳಿತವಳು ಕೊನೆಗೂ ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನಾನು ಹೇಳ್ತೀನಿ ಬರಕೋ ಎಂದ ಪುಟ್ಟಬಸಪ್ಪ. ಮೊದಲ ವರ್ಷ ತುಂಬ ಪಾರ್ಥೇನಿಯಂ ಇತ್ತು. ಮರುವರ್ಷ ಮೂಡಲ ಕಡೆಯಿಂದ ತಗಚೆ ಗಿಡ ಎದ್ದಿತು. ಈ ಮುಂಗಾರಿಗೆ ತಗಚೆ ನಿಂತ ಕಡೆಯೆಲ್ಲ ಪಾರ್ಥೇನಿಯಂ ತಲೆಯೇ ಎತ್ತಲಿಲ್ಲ, ಬೇಲಿ ಪಕ್ಕ ಮಾತ್ರ ಉಳಿದಿತ್ತು. ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ಅವನು ಕಂಡದ್ದು ಇಷ್ಟು.

ಅವಳು ನಾಲ್ಕು ವರ್ಷದಿಂದ ಹುಡುಕುತ್ತಿದ್ದ ಉತ್ತರ ಅದೇ. ಲೆಕ್ಕವಿಲ್ಲದ ಮಾತನ್ನು ಪಿಎಚ್‌ಡಿಯಲ್ಲಿ ಬರೆಯುವಂತಿರಲಿಲ್ಲ, ಸುಳ್ಳು ಲೆಕ್ಕ ಬರೆಯಲು ಮನಸ್ಸು ಒಪ್ಪಲಿಲ್ಲ. ಎಣಿಸದೆ ಬರೆಯುವ ಹಾಗಿಲ್ಲಪ್ಪ ಎಂದಳು.

"ಅದ್ಕೇನಮ್ಮಿ," ಎಂದ ಪುಟ್ಟಬಸಪ್ಪ. "ಯಾಕೆ ಅಂತ ಒಂದ್ಮಾತು ಏಳಿದ್ರೆ ನಾನೇ ದಿನಾ ಎಣಿಸ್ತಿರ್ಲಿಲ್ವಾ?"