ಮೊಣಕೈಯ ಗಂಟೆ

ವತ್ಸಲಾ ಮಿಸ್ ಚರ್ಚಾಸ್ಪರ್ಧೆಯ ಗಂಟೆಯನ್ನು ಮೊಣಕೈಯಿಂದ ಒತ್ತುತ್ತಿದ್ದರು. ಸಂಧಿವಾತ ಅವರ ಬೆರಳುಗಳನ್ನು ಅಷ್ಟು ತಿರುಚಿತ್ತು. ಹಲಸೂರಿನ ನಮ್ಮ ಕಾಲೇಜಿಗೆ ಬಂದ ಹೊಸಬರು ಮೊದಲು ನಗುತ್ತಿದ್ದರು. ಮಾತಿನ ನಡುವೆ ಆ ಮೊಣಕೈ ಮೇಲೇಳುವುದನ್ನು ಕಂಡ ಮೇಲೆ ಅವರ ನಾಲಿಗೆಯೂ ಒಣಗುತ್ತಿತ್ತು. ಎದುರಾಳಿಯನ್ನು ಚಿಂದಿ ಮಾಡಿ ಬಂದು ಕೂತ ನನ್ನನ್ನು ಮಿಸ್ ಪ್ರತಿಸಲ ಕೇಳುತ್ತಿದ್ದುದು ಒಂದೇ: "ಗೆದ್ದೆ, ಸರಿ. ವಿಷಯ ಎಲ್ಲೋಯ್ತು?"

ಊಟದ ಡಬ್ಬಿಯ ಜೊತೆ ಅವರ ಮಾತ್ರೆಯ ಡಬ್ಬಿಯೂ ತೆರೆಯುತ್ತಿತ್ತು, ಹನ್ನೊಂದು ವರ್ಷದಿಂದ. "ನನ್ನ ಮೈಯ ಕಾವಲುಗಾರರಿಗೆ ತಲೆಕೆಟ್ಟಿದೆ ಕಣೆ, ಮನೆಯವ್ರನ್ನೇ ಹೊಡೀತಾರೆ. ಮಾತ್ರೆ ಕೊಟ್ಟು ತೂಕಡಿಸೋ ಹಾಗೆ ಇಟ್ಟಿದೀನಿ. ಕಳ್ಳ ಬಂದ್ರೆ ಕಷ್ಟ."

"ಹಾಗಾದ್ರೆ ಬಿಟ್ಬಿಡಿ ಮಿಸ್."

"ಬಿಟ್ರೆ ಈ ಮೊಣಕೈನೂ ಏಳಲ್ಲ."

ಮೈಮೇಲೆ ಗುಳ್ಳೆ ಕಂಡರೆ ಅದೇ ದಿನ ಬರಬೇಕೆಂದು ವೈದ್ಯರು ಎಚ್ಚರಿಸಿದ್ದನ್ನೂ ನನಗೆ ಹೇಳಿದ್ದರು.

ಕಳೆದ ವರ್ಷ ಒಂದು ಶನಿವಾರ ಜೀವನ್ ಬಿಮಾ ನಗರದ ಅವರ ಮನೆಗೆ ಹೋದೆ. ಎಡಗಣ್ಣಿನ ಮೇಲೆ, ಹಣೆಯುದ್ದಕ್ಕೂ ಗುಳ್ಳೆಗಳ ಸಾಲು. ಅವರ ಅಕ್ಕ ಪದ್ಮಮ್ಮ ಬಟ್ಟಲಲ್ಲಿ ಕೆಮ್ಮಣ್ಣು ಕಲಸುತ್ತಿದ್ದರು.

"ಸರ್ಪಸುತ್ತು. ತಲೆ ಬಾಲ ಕೂಡಿದ್ರೆ ಜೀವಕ್ಕೇ ಬರುತ್ತೆ. ಮೂರು ದಿನ ಹಚ್ಚೋಣ, ಆಮೇಲೆ ಡಾಕ್ಟ್ರು."

ನಾನು ಸುಮ್ಮನಿರುವವಳೇ? "ಯಾವ ಹಾವು ಆಂಟಿ? ಚಿಕ್ಕಂದಿನ ಚಿಕನ್‌ಪಾಕ್ಸ್ ವೈರಸ್ಸು ನರದೊಳಗೆ ಅಡಗಿರತ್ತೆ, ಈಗ ಎದ್ದಿದೆ. ಅದಕ್ಕೆ ಬಾಲ ಎಲ್ಲಿಂದ ಬಂತು?"

"ನೀನು ಹುಟ್ಟೋಕ್ ಮುಂಚೆ ನಾಲ್ಕು ಜನಕ್ಕೆ ವಾಸಿ ಮಾಡಿದೀನಮ್ಮ."

ಮಿಸ್ ನೋವಿಗೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಮೊಣಕೈ ಕುರ್ಚಿಯ ಕೈಯನ್ನು ಒಮ್ಮೆ ಒತ್ತಿತು. "ಮುಗಿಸ್ತೀನಿ ಮಿಸ್" ಎಂದು ಮುಂದುವರಿಸಿದೆ. "ಅದು ತಾನಾಗೇ ವಾಸಿಯಾಗತ್ತೆ ಆಂಟಿ. ನೀವು ಮಾಡಿದ್ದು ಅಂತ ಹೇಗೆ ಹೇಳ್ತೀರ?"

ಪದ್ಮಮ್ಮ ಬಟ್ಟಲನ್ನು ಕುಕ್ಕಿದರು. "ತಾನಾಗೇ ಆಗತ್ತೆ ತಾನೆ? ಸರಿ, ಆಗ್ಲಿ ಬಿಡು. ಡಾಕ್ಟ್ರೂ ಬೇಡ."

ನಾನು ಗೆದ್ದು ಮನೆಗೆ ಬಂದೆ.

ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ, ನಿಜ. ಹನ್ನೊಂದು ವರ್ಷ ಮಾತ್ರೆ ನುಂಗಿ ಮೈಯ ರೋಗನಿರೋಧಕ ಕಾವಲನ್ನು ಮಂಪರಿನಲ್ಲಿಟ್ಟವರಿಗೆ ಆ ಭರವಸೆ ಇಲ್ಲ. ಅದೂ ನನಗೆ ಗೊತ್ತಿತ್ತು. ವಾದಕ್ಕೆ ಬೇಕಿರಲಿಲ್ಲ, ಹೇಳಲಿಲ್ಲ.

ನಾಲ್ಕನೇ ದಿನ ಮಿಸ್ ಜ್ವರದಲ್ಲಿ ತೊದಲತೊಡಗಿದಾಗ ಆಸ್ಪತ್ರೆಗೆ ಸೇರಿಸಿದರು. ಸೋಂಕು ಮಿದುಳಿಗೆ ಏರಿತ್ತು. "ಮೊದಲನೇ ದಿನಾನೇ ಔಷಧಿ ಶುರುವಾಗ್ಬೇಕಿತ್ತು" ಎಂದ ವೈದ್ಯೆ ಪದ್ಮಮ್ಮನ ಮುಖವನ್ನಾಗಲಿ ನನ್ನ ಮುಖವನ್ನಾಗಲಿ ನೋಡಲಿಲ್ಲ.

ಮಿಸ್ ತೀರಿಕೊಳ್ಳುವ ಹಿಂದಿನ ದಿನ ನೋಡಲು ಹೋಗಿದ್ದೆ. ಎಡಗಣ್ಣಿಗೆ ಪಟ್ಟಿ ಕಟ್ಟಿದ್ದರು. ಸ್ವಲ್ಪ ಹೊತ್ತು ಎಚ್ಚರವಿತ್ತು.

"ಅಕ್ಕನ ಹತ್ರ ಗೆದ್ಯಲ್ಲ" ಎಂದರು.

ಹೂಂ ಎಂದೆ. ಪ್ರತಿಸಲದ ಆ ಪ್ರಶ್ನೆ ಬರಬೇಕಿತ್ತು. ಕಾದು ನಿಂತೆ. ಮಿಸ್ ಗೋಡೆಯ ಕಡೆ ತಿರುಗಿದರು.