ರಾಮಾ ಬಣ್ಣದ ನೂಲು

ಮೊನ್ನೆ ಒಬ್ಬಾಕೆ ರವಿಕೆ ಕಣ ತಂದು ನನ್ನ ಹೊಲಿಗೆ ಮಿಷನ್ನಿನ ಮೇಲಿಟ್ಟು, "ರಾಮಾ ಬಣ್ಣ ಕಣಕ್ಕ, ಸರ್ಯಾಗ್ ನೋಡಿ ದಾರ ಹಾಕು, ಹೋದ್ಸಲ ಆ ಇನ್ನೊಬ್ಬ ಟೈಲರ್ ಮಾಡ್ದಂಗೆ ಮಾಡ್ಬೇಡ" ಅಂದಳು. ನಾನು ಕಣವನ್ನೂ ಎರಡು ದಾರದ ರೀಲನ್ನೂ ಹಿಡಿದುಕೊಂಡು ಅಂಗಡಿಯಿಂದಿಳಿದು ನಂಜನಗೂಡಿನ ಸುಡು ಬಿಸಿಲಲ್ಲಿ ನಿಂತೆ. "ಒಳಗೇ ಟ್ಯೂಬ್‌ಲೈಟ್ ಐತಲ್ಲಕ್ಕ, ಇದ್ಯಾಕ್ ಬಿಸ್ಲಲ್ಲಿ ಒಣಗ್ತೀಯ?" ಅಂತ ಆಕೆ ನಕ್ಕಳು. ನಗಲಿ. ಬಣ್ಣ ನೋಡಲು ಬಿಸಿಲಿಗೆ ಬರುವ ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಒಬ್ಬರ ಬದುಕು ಹಾಳು ಮಾಡಿದ ಮೇಲೆ ಬಂದದ್ದು.

ರಾಮಾ ಅಂದರೆ ನೀಲಿಗೂ ಹಸಿರಿಗೂ ನಡುವಿನ ಬಣ್ಣ. ಸೀರೆ ಅಂಗಡಿಯವರೂ ನಾವು ಟೈಲರುಗಳೂ ಹಾಗನ್ನುತ್ತೇವೆ. ಯಾಕೆ ಅಂದರೆ ಗೊತ್ತಿಲ್ಲ. ನನಗೆ ಹೊಲಿಗೆ ಕಲಿಸಿದ ಚಿಕ್ಕಮ್ಮ ಅನ್ನುತ್ತಿದ್ದಳು, ನಾನೂ ಅನ್ನುತ್ತೇನೆ. ಆ ಬಣ್ಣ ಕಂಡರೆ ನನ್ನ ಮೂಗಿಗೆ ಹಳೇ ರಬ್ಬರಿನ ವಾಸನೆಯೂ ಮುಖಕ್ಕೆ ಹಾಕುವ ಪೌಡರಿನ ವಾಸನೆಯೂ ಒಟ್ಟಿಗೆ ಬರುತ್ತವೆ. ಹಿಂದೆಯೇ ಫಿಟ್ಟರಣ್ಣ ಬರುತ್ತಾರೆ…

ಆಗ ನಾನು ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಹಾಕಿ ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಬಿಳಿ ಮೀಸೆಯ ಹಿರಿಯರೊಬ್ಬರು ಬಂದು, "ವಿಮಾನದ ರೆಕ್ಕೆ ಬಟ್ಟೆ ಹರಿದಿದೆ, ಹೊಲಿದುಕೊಡ್ತೀಯೇನಮ್ಮ?" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರು ಒಂದು ಕಾಲದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು, ಬನ್ನೂರು ಕಡೆಯ ಜಮೀನುದಾರರ ಮನೆಯವರು. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಹದಿನಾರು ಅನ್ನುವ ಊರು ದಾಟಿ ಟಿ. ನರಸೀಪುರದ ಕಡೆ ಹೋದರೆ, ಕಬ್ಬಿನ ಗದ್ದೆಗಳ ನಡುವೆ ಅವರದೊಂದು ತಗಡಿನ ಶೆಡ್ಡು, ಅದರ ಮುಂದೆ ಉದ್ದಕ್ಕೆ ಹುಲ್ಲು ಕತ್ತರಿಸಿದ ಬಯಲು. ಶೆಡ್ಡಿನೊಳಗೆ ಎರಡೇ ಸೀಟಿನ, ಮೈಗೆಲ್ಲ ಬಟ್ಟೆ ಹೊದಿಸಿದ ಹಳೇ ವಿಮಾನ. ನಮ್ಮಮ್ಮನ ವಯಸ್ಸಿನದಂತೆ ಅದು. ಮೊದಲ ಸಲ ನೋಡಿದಾಗ, ಅಯ್ಯೋ, ಇದರಲ್ಲೂ ಮನುಷ್ಯರು ಕೂರ್ತಾರಾ ಅನ್ನಿಸಿತು.

ಆ ವಿಮಾನವನ್ನು ನೋಡಿಕೊಳ್ಳುತ್ತಿದ್ದವರೇ ಫಿಟ್ಟರಣ್ಣ. ಟಿ. ನರಸೀಪುರದ ಹತ್ತಿರದ ಹಳ್ಳಿಯವರು, ಕ್ಯಾಪ್ಟನ್ ಜೊತೆ ಮೂವತ್ತು ವರ್ಷ ಇದ್ದವರು. ಸಣಕಲು ಮೈ, ಖಾಕಿ ಅಂಗಿ, ವಿಮಾನದ ಹೊಟ್ಟೆಯಡಿ ಬಗ್ಗಿ ಬಗ್ಗಿ ಬಾಗಿಯೇ ಹೋದ ಬೆನ್ನು. ಬಾಯಲ್ಲಿ ಸದಾ ಎಲೆ ಅಡಿಕೆ. ವಿಮಾನ ಮುಟ್ಟುವ ಮುಂಚೆ ಮಾತ್ರ ಅದನ್ನು ಉಗಿದು, ಬಾಯಿ ಮುಕ್ಕಳಿಸಿ, ಸೀಗೆಪುಡಿ ಹಾಕಿ ಕೈ ಉಜ್ಜಿ ತೊಳೆಯುತ್ತಿದ್ದರು. ನನ್ನನ್ನು ಕಂಡ ಮೊದಲ ದಿನವೇ, "ತಲೆಗೆ ಎಣ್ಣೆ ಅಚ್ಕಂಡ್ ಬಂದಿದ್ದೀಯಾ ಟೈಲ್ರಮ್ಮ? ಅಂಗಾರೆ ದೂರ ನಿಂತ್ಕೊ" ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇವನ್ಯಾವನು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಎಣ್ಣೆ ಸೋಕಿದರೆ ರಬ್ಬರು ಸಾಯುತ್ತದೆ ಅಂತ.

ಆ ವಿಮಾನಕ್ಕೆ ಕಾರಿನ ಹಾಗೆ ಸ್ಪ್ರಿಂಗು ಇರಲಿಲ್ಲ. ಹೊಟ್ಟೆಯ ಕೆಳಗೆ ಎರಡು ಕಾಲು, ಆ ಕಾಲುಗಳನ್ನು ಹಿಡಿದುಕೊಳ್ಳಲು ಒಂದೊಂದು ಕಡೆಗೂ ರಬ್ಬರಿನ ಹಗ್ಗದ ಬಳೆ. ನೂರಾರು ಸಣ್ಣ ರಬ್ಬರ್ ಎಳೆಗಳನ್ನು ಒಟ್ಟು ಮಾಡಿ, ಮೇಲೆ ಹತ್ತಿ ನೂಲಿನ ಹೆಣಿಗೆ ಹಾಕಿದ ಬಳೆ ಅದು. ವಿಮಾನ ನೆಲಕ್ಕಿಳಿದಾಗ ಕಾಲುಗಳು ಅಗಲವಾಗುತ್ತವೆ, ಹಗ್ಗ ಹಿಗ್ಗಿ ಪೆಟ್ಟು ನುಂಗಿಕೊಳ್ಳುತ್ತದೆ. ಹಗ್ಗ ಹೋದರೆ ಕಾಲು ಹೋಯಿತು. ಸುಮ್ಮನೆ ಇಟ್ಟರೂ ಆ ರಬ್ಬರಿಗೆ ವಯಸ್ಸಾಗುತ್ತದೆ, ನಾಲ್ಕೈದು ವರ್ಷಕ್ಕೆ ಬದಲಾಯಿಸಲೇಬೇಕು.

ಬದಲಾಯಿಸುವುದು ಹುಡುಗಾಟದ ಕೆಲಸವಲ್ಲ. ವಿಮಾನವನ್ನು ಮರದ ಸ್ಟ್ಯಾಂಡುಗಳ ಮೇಲೆ ಎತ್ತಿ ಕೂರಿಸಿ, ಚಕ್ರ ನೇತಾಡುವಂತೆ ಮಾಡಿ, ಆ ಮೊಂಡ ಬಳೆಯನ್ನು ಹಿಗ್ಗಿಸಿ ಎರಡು ಗೂಟಗಳ ಮೇಲೆ ಕೂರಿಸಬೇಕು. ಜಾರಿ ಹೊಡೆದರೆ ಕೈಮೂಳೆ ಪುಡಿ. ಬೇರೆಯವರು ಕಬ್ಬಿಣದ ಸಲಾಕೆ ಹಾಕಿ ಮೀಟುತ್ತಿದ್ದರಂತೆ. ಫಿಟ್ಟರಣ್ಣ ಕಬ್ಬಿಣ ಹತ್ತಿರಕ್ಕೂ ತರುತ್ತಿರಲಿಲ್ಲ. "ಬಟ್ಟೆ ಅರುದ್ರೆ ಅಗ್ಗದ ಮಾನ ಓಯ್ತು ಕಣವ್ವ" ಅನ್ನುತ್ತಿದ್ದರು. ಅದಕ್ಕೇ ನನ್ನಿಂದ ಕ್ಯಾನ್ವಾಸ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿ ಹೊಲಿಸುತ್ತಿದ್ದರು. ಆ ಪಟ್ಟಿಯನ್ನು ಬಳೆಯೊಳಗೆ ತೂರಿಸಿ, ಜಾಕಿಗೆ ಕಟ್ಟಿ, ಪೌಡರು ಉದುರಿಸಿ, ಹಸುವಿನ ಕೆಚ್ಚಲು ಸವರುವಷ್ಟು ನಿಧಾನವಾಗಿ ಎಳೆಯುತ್ತಿದ್ದರು. ಹಗ್ಗ ಕೂತ ಮೇಲೆ ಧೂಳು ಬಿಸಿಲು ತಾಗದ ಹಾಗೆ ಅದರ ಸುತ್ತ ನಾನು ಒಂದು ಹೊದಿಕೆ ಹೊಲಿಯಬೇಕು. "ನೋಡವ್ವ, ವಿಮಾನಕ್ಕೂ ರವ್ಕೆ ಒಲಿಯೋ ಕಾಲ ಬಂತಲ್ಲ ನಿಂಗೆ" ಅಂತ ನಗುವರು. ನಾನು, "ಅಳತೆ ಕೊಡೋಕೆ ಮಾತ್ರ ಅದು ಮೈ ಕೊಡಲ್ವಲ್ಲ ಫಿಟ್ಟರಣ್ಣ" ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಊಟದ ಹೊತ್ತಿನಲ್ಲಿ ಅವರ ಗುಟ್ಟು ನನಗೆ ಗೊತ್ತಾಯಿತು. ನನ್ನ ಡಬ್ಬಿಯಲ್ಲಿದ್ದ ಟೊಮೇಟೊ ಒಂದನ್ನು ಕೊಟ್ಟೆ. ಅವರು ಅದನ್ನು ಮೂಸಿ, ಒತ್ತಿ ನೋಡಿ, "ಅಣ್ಣೋ ಕಾಯೋ?" ಅಂದರು. ಕೆಂಪಗೆ ಕೆಂಡದ ಹಾಗಿದ್ದ ಹಣ್ಣು. ನಾನು ಅವರ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. "ನಂಗೆ ಕೆಂಪೂ ಅಸ್ರೂ ಒಂದೇ ಥರ ಕಣವ್ವ, ಅಸ್ರುನೀಲಿ ಆದ್ರೆ ಬೂದಿ ಥರ. ಉಟ್ದಾಗ್ನಿಂದ್ಲೂ ಇಂಗೇ. ಯಾರ್ಗೂ ಏಳ್ಬ್ಯಾಡ, ಕೆಲ್ಸ ಓಯ್ತದೆ" ಅಂದರು. ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಚೀಟಿ ಓದಿ, ಕೈಯಲ್ಲಿ ಸವರಿ, ಮೂಸಿ ನೋಡಿ ನಡೆಸಿಕೊಂಡು ಬಂದಿದ್ದರು ಮಹಾರಾಯರು. ಒಂದು ತಪ್ಪೂ ಆಗಿರಲಿಲ್ಲ.

ಹೀಗೆ ವರ್ಷಗಳು ಕಳೆದು, ಮೂರನೇ ಸಲ ಹಗ್ಗ ಬದಲಾಯಿಸುವ ಹೊತ್ತಿಗೆ ಟ್ರಂಕಿನಲ್ಲಿದ್ದ ಬಳೆಗಳ ಚೀಟಿಗಳನ್ನೆಲ್ಲ ಜಿರಲೆ ತಿಂದುಬಿಟ್ಟಿತ್ತು. ಉಳಿದದ್ದು ನೂಲು ಮಾತ್ರ. ಆ ಹಗ್ಗಗಳ ಬಿಳಿ ಹೆಣಿಗೆಯಲ್ಲಿ ಒಂದು ಬಣ್ಣದ ಎಳೆ ಓಡುತ್ತದೆ, ಯಾವ ವರ್ಷ ಮಾಡಿದ್ದು ಅಂತ ಆ ಬಣ್ಣವೇ ಹೇಳುತ್ತದೆ. ಆ ಟ್ರಂಕಿನಲ್ಲಿ ಹಸಿರು ಎಳೆಯದ್ದು ಹೊಸದು, ನೀಲಿ ಎಳೆಯದ್ದು ಆಯುಸ್ಸು ಮುಗಿದೂ ಎಸೆಯದೆ ಉಳಿದದ್ದು. ಫಿಟ್ಟರಣ್ಣ ಎರಡು ಬಳೆ ಎತ್ತಿ ನನ್ನ ಮುಂದೆ ಹಿಡಿದರು. "ಅಸ್ರೋ ನೀಲಿನೋ ನೋಡಿ ಏಳವ್ವ."

ಒಂದು ಬಳೆ ಗಿಳಿಹಸಿರು, ಅನುಮಾನವೇ ಇರಲಿಲ್ಲ. ಇನ್ನೊಂದು… ನಾನು ನೋಡಿದ್ದು ಶೆಡ್ಡಿನೊಳಗೆ. ಮೇಲೆ ತಗಡಿನ ನಡುವೆ ಬೆಳಕಿಗೆಂದು ಹಸಿರು ಫೈಬರ್ ಶೀಟು ಹಾಕಿದ್ದರು. ಅದರ ಕೆಳಗೆ ಎಲ್ಲರ ಮುಖವೂ ಹಸಿರೇ. ಎಳೆ ಮಾಸಿತ್ತು. "ಇದು ರಾಮಾ" ಅಂದೆ.

"ರಾಮಾ ಅಂದ್ರೆ? ಯಾವ್ ವರ್ಷಕ್ ಯಾವ್ ಬಣ್ಣ ಅನ್ನೋ ಚಾರ್ಟ್‌ನಲ್ಲಿ ರಾಮಾ ಇಲ್ಲ ಕಣವ್ವ. ಅಸ್ರಾ, ನೀಲಿನಾ?"

ಮೂರೂವರೆಯ ಬಸ್ಸಿಗೆ ಹತ್ತು ನಿಮಿಷವಿತ್ತು. ಅದು ಹೋದರೆ ಮತ್ತೆರಡು ಗಂಟೆ ಬಸ್ಸಿಲ್ಲ. ಅಂಗಡಿಯಲ್ಲಿ ಮದುವೆ ಹೆಣ್ಣಿನ ರವಿಕೆ ಗುಂಡಿ ಹಾಕದೆ ಕೂತಿತ್ತು. ನಮ್ಮ ಕಸುಬಿನಲ್ಲಿ ರಾಮಾ ಬಣ್ಣಕ್ಕೆ ಸರಿಯಾದ ದಾರ ಸಿಗದಿದ್ದರೆ ಹಸಿರು ಹಾಕಿ ಮುಗಿಸುತ್ತೇವೆ, ಅದೇ ರೂಢಿ. ಬ್ಯಾಗು ಹೆಗಲಿಗೇರಿಸುತ್ತಲೇ, "ಹಸಿರೇ ಅಂತ ಬರ್ಕೊಳ್ಳಿ ಫಿಟ್ಟರಣ್ಣ" ಅಂದೆ. ಅವರು ಬಳೆಯನ್ನು ಇನ್ನೊಮ್ಮೆ ಸವರಿ, "ಕೈಗೆ ಯಾಕೋ ಒರಟು ಅನ್ಸ್ತದೆ… ಸರ್ಯಾಗ್ ನೋಡ್ದಾ?" ಅಂದರು. "ಅಯ್ಯೋ, ದಿನಾ ನೂರ್ ದಾರ ನೋಡ್ತೀನಿ, ನಂಗೊತ್ತಾಗಲ್ವಾ?" ಅಂತ ಗದರಿದೆ. ಗದರಿದೆ ನಾನು! ಬಾಗಿಲಿಗೆ ಏಳೆಂಟು ಹೆಜ್ಜೆ. ಬಾಗಿಲಾಚೆ ಬೇಕಾದಷ್ಟು ಬಿಸಿಲು. ಆ ಏಳೆಂಟು ಹೆಜ್ಜೆ ಇಡಲಿಲ್ಲ. ಅವರು ನನ್ನ ಮಾತು ನಂಬಿ ಲಾಗ್ ಬುಕ್ಕಿನಲ್ಲಿ ಹಸಿರು ಅಂತ ಬರೆದರು.

ಮಾರನೇ ದಿನ ಹಗ್ಗ ಹಾಕಿದರು, ನಾನು ಹೋಗಿ ಹೊದಿಕೆ ಹೊಲಿದೆ. ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಕ್ಯಾಪ್ಟನ್ ಒಬ್ಬರೇ ಹಾರಿ ಇಳಿಯುವಾಗ ಎಡಗಡೆಯ ಹಗ್ಗ ಕಿತ್ತುಕೊಂಡಿತು. ಕಾಲು ಅಗಲಕ್ಕೆ ಬಿದ್ದು, ರೆಕ್ಕೆ ನೆಲಕ್ಕೆ ಬಡಿದು, ಮುಂದಿನ ಫ್ಯಾನು ಚೂರಾಯಿತು. ಕ್ಯಾಪ್ಟನ್ ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆ ಸರಿಹೋಗಲಿಲ್ಲ, ಅವರು ಮತ್ತೆ ಹಾರಲಿಲ್ಲ.

ಬೆಂಗಳೂರಿನಿಂದ ಎಂಜಿನಿಯರ್ ಒಬ್ಬರು ಬಂದ ದಿನ, ರೆಕ್ಕೆ ಬಟ್ಟೆ ಬಿಚ್ಚಲು ನನ್ನನ್ನೂ ಕರೆಸಿದ್ದರು. ಅವರು ಹಗ್ಗದ ಹೊದಿಕೆ ಕತ್ತರಿಸಿ, ಹರಿದ ಬಳೆಯನ್ನು ಹೊರಗೆ ತಂದು ಹುಲ್ಲಿನ ಮೇಲೆ ಹಾಕಿದರು. ಆ ಬಿಸಿಲಲ್ಲಿ ನಾನು ಕಂಡೆ. ನೀಲಿ. ಸ್ಪಷ್ಟವಾಗಿ ನೀಲಿ. 

"ಇದನ್ನ ಹಸಿರು ಅಂತ ಬರೆದವರು ಯಾರು?" ಅಂದರು ಎಂಜಿನಿಯರ್.

"ನಾನೇ ಸಾ. ನನ್ ಕಣ್ಣು ಮೋಸ ಮಾಡ್ಬುಡ್ತು."

ಎಂಜಿನಿಯರ್ ನನ್ನ ಬುಟ್ಟಿಯಿಂದಲೇ ನಾಲ್ಕು ದಾರದ ರೀಲು ಎತ್ತಿ ಅವರ ಮುಂದೆ ಇಟ್ಟು, ಒಂದೊಂದರ ಬಣ್ಣ ಹೇಳಿ ಅಂದರು. ಫಿಟ್ಟರಣ್ಣ ಕೆಂಪಿಗೆ ಹಸಿರು ಅಂದರು. ಮೂವತ್ತು ವರ್ಷದ ಗುಟ್ಟು ಅಷ್ಟು ಜನರ ಮುಂದೆ, ನನ್ನ ದಾರದ ರೀಲುಗಳಿಂದಲೇ ಬಯಲಾಯಿತು. ಕ್ಯಾಪ್ಟನ್ ಕಟ್ಟು ಹಾಕಿದ ಕೈ ಹಿಡಿದುಕೊಂಡು ಮುಖ ಅತ್ತ ತಿರುಗಿಸಿದರು. "ಈಯಮ್ಮನೂ ಅವತ್ತು ಇದ್ದರಾ?" ಅಂತ ಎಂಜಿನಿಯರ್ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಫಿಟ್ಟರಣ್ಣ, "ಟೈಲ್ರಮ್ಮಂದು ಬರೀ ಒಲ್ಗೆ ಕೆಲ್ಸ ಸಾ. ಅವ್ರಿಗೇನ್ ಗೊತ್ತು ಪಾಪ" ಅಂದುಬಿಟ್ಟರು.

ನಾನು ಸುಮ್ಮನಿದ್ದೆ. ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ಯಾಕೆ ಸುಮ್ಮನಿದ್ದೆ ಅಂತ. ಭಯ, ಅಷ್ಟೇ. ಪೊಲೀಸು ಗಿಲೀಸು ಅಂತಾರೇನೋ, ಅಂಗಡಿಗೆ ಯಾರೂ ಬರುವುದಿಲ್ಲವೇನೋ ಅಂತ ಭಯ. ನಾನು ಹೊಲಿದ ಪಟ್ಟಿ ಒಂದು ಸಲವೂ ಬಿಚ್ಚಿಕೊಂಡಿರಲಿಲ್ಲ. ನಾನು ಆಡಿದ ಮಾತು ಬಿಚ್ಚಿಕೊಂಡಿತ್ತು, ಅದನ್ನು ಅವರು ತಮ್ಮ ಮೈಮೇಲೆ ಹಾಕಿಕೊಂಡರು.

ಆ ಸಂಜೆ ಇಬ್ಬರೂ ರಸ್ತೆಯ ಬದಿ ಬಸ್ಸಿಗೆ ನಿಂತೆವು. ನನ್ನದು ನಂಜನಗೂಡಿನ ಕಡೆ, ಅವರದು ಟಿ. ನರಸೀಪುರದ ಕಡೆ. ಅವರನ್ನು ಕೆಲಸದಿಂದ ತೆಗೆದಿದ್ದರು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಅವರ ಸ್ಪ್ಯಾನರುಗಳು. "ಫಿಟ್ಟರಣ್ಣ, ನಾನು ಹೋಗಿ ಹೇಳ್ತೀನಿ…" ಅಂತ ಶುರುಮಾಡಿದೆ. ಅವರು ದೂರಕ್ಕೆ ಕೈ ತೋರಿಸಿ, "ನಿನ್ ಬಸ್ ಬಂತು ನೋಡವ್ವ, ಅತ್ಕೊ ಓಗು, ತಪ್ಪೋದಾತು" ಅಂದರು. ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಹತ್ತಿಕೊಂಡು ಹೋದೆ. ಕಿಟಕಿಯಿಂದ ನೋಡಿದರೆ ಚೀಲ ಕೆಳಗಿಟ್ಟು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ನಾಳೆ ಹೋಗೋಣ, ಹಬ್ಬ ಕಳೆಯಲಿ, ಮದುವೆ ಸೀಜನ್ ಮುಗಿಯಲಿ… ಹೀಗೆ ಒಂಬತ್ತು ವರ್ಷ ತಳ್ಳಿದೆ. ಅವರು ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದಾರೆ ಅಂತ ಕೇಳಿದ್ದೆ. ಕೊನೆಗೆ ಒಂದು ದಿನ ಮನಸ್ಸು ಗಟ್ಟಿ ಮಾಡಿ ಹೋದರೆ ಗೋಡೆಯ ಮೇಲೆ ಅವರ ಫೋಟೋ ಇತ್ತು, ಅದಕ್ಕೆ ಹಾರ ಹಾಕಿತ್ತು. ಮೂರು ತಿಂಗಳಾಗಿತ್ತಂತೆ.

ಅವರ ಹೆಂಡತಿಯ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ರಾಮಾ ಅಂದದ್ದು, ಗದರಿದ್ದು, ಸುಮ್ಮನಿದ್ದದ್ದು. ಆಯಮ್ಮ ಕೋಪ ಮಾಡಿಕೊಳ್ಳಲಿಲ್ಲ. "ಗೊತ್ತು ಕಣವ್ವ, ಏಳಿದ್ರು. 'ಬಸ್ಸಿನ್ ಅರ್ಜೆಂಟಲ್ಲಿ ಏಳ್ಬುಟ್ಳು ಪಾಪ, ಬಿಸ್ಲಿಗ್ ತಕ್ಕೊಂಡೋಗ್ ನೋಡು ಅಂತ ನಾನಾರ ಏಳ್ಬೇಕಿತ್ತು' ಅಂತಿದ್ರು" ಅಂದು, ಒಳಗೆ ಹೋಗಿ ಒಂದು ರಟ್ಟು ತಂದರು. ರಟ್ಟಿನ ಮೇಲೆ ಸಾಲಾಗಿ ನೂಲಿನ ತುಣುಕುಗಳು. "ನನ್ ಸೀರೆ ಸೆರಗಿಂದ, ಟವಲ್ಲಿಂದ ಎಳೆ ಕೀಳೋರು. ನಾನು ಬಣ್ಣ ಏಳೋದು, ಅವ್ರು ಅಂಟ್ಸಿ ಬರಿಯೋದು. ಈ ವಯಸ್ನಲ್ಲಿ ಯಾಕ್ ಬೇಕು ಅಂದ್ರೆ, ಕಲೀತೀನಿ ಸುಮ್ಕಿರು ಅನ್ನೋರು."

ಕೆಂಪು. ಹಸಿರು. ಅರಿಶಿನ. ನೀಲಿ. ಪ್ರತಿಯೊಂದರ ಎದುರಿಗೂ ಅವರ ದಪ್ಪ ಅಕ್ಷರದಲ್ಲಿ ಹೆಸರು. ಕೊನೆಯ ಎಳೆ ಮಾಸಿದ್ದು, ಆ ಬಳೆಯ ಎಳೆಯಂಥದೇ. ಅದರ ಎದುರು ಬರೆದಿದ್ದರು: "ರಾಮಾ. ಟೈಲ್ರಮ್ಮನ್ನ ಕೇಳಬೇಕು."

"ಒಂದಿನ ಬತ್ತಾಳೆ, ಬಿಸ್ಲಲ್ಲಿ ತೋರ್ಸಿ ಕೇಳ್ತೀನಿ ಅಂತ ಕಾಯ್ತಿದ್ರು" ಅಂದರು ಆಯಮ್ಮ. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ನನ್ನ ತಲೆಯ ಎಣ್ಣೆ ಅವರ ಸೀರೆಗೆ ಅಂಟಿತು.

ಆ ರಟ್ಟನ್ನು ನನಗೇ ಕೊಟ್ಟರು. ಈಗ ಅಂಗಡಿಯಲ್ಲಿ ಮಿಷನ್ನಿನ ಡ್ರಾಯರಿನಲ್ಲಿದೆ. ಪೆನ್ನು ಹಿಡಿದು ಎಷ್ಟೋ ಸಲ ಅದರ ಮುಂದೆ ಕೂತಿದ್ದೇನೆ, ಆ ರಾಮಾದ ಎದುರು ಹಸಿರೋ ನೀಲಿಯೋ ಬರೆಯಲು ಕೈ ಬಂದಿಲ್ಲ. ಮೊನ್ನೆ ಆ ಕಣ ಹಿಡಿದು ರಸ್ತೆಯಲ್ಲಿ ನಿಂತಾಗ, ಬಿಸಿಲಿಗೆ ಬಣ್ಣ ಬಿಚ್ಚಿಕೊಂಡಿತು. ಬಾಯಿಂದ ತಾನಾಗಿ ಬಂತು: "ನೀಲಿ ಫಿಟ್ಟರಣ್ಣ. ನೀಲಿ ಅಂತ ಬರ್ಕೊಳ್ಳಿ."

"ಯಾರ್ ಜೊತೆ ಮಾತಾಡ್ತಿದ್ದೀಯಕ್ಕ?" ಅಂದಳು ಆಕೆ.

ಯಾರೂ ಇಲ್ಲ ಕಣೆ ಅಂದು ಒಳಗೆ ಬಂದು, ನೀಲಿ ದಾರ ತೆಗೆದು ಸೂಜಿಗೆ ಪೋಣಿಸಲು ಹೋದೆ. ಕಣ್ಣು ಮಂಜಾಗಿ ಮೂರು ಸಲ ತಪ್ಪಿತು.