ನಲವತ್ತೆಂಟರ ಜೋಡಿಗಳು

ಗಣಿತ ನನಗೆ ಚೆನ್ನಾಗಿಯೇ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದು ಗಣಿತ ಬರದವಳಿಂದ ಆದದ್ದಲ್ಲ. ಬರುವವಳಿಂದಲೇ ಆದದ್ದು.

ಧಾರವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ನನ್ನ ಅಪ್ಪ ಗಣಿತದ ಮಾಸ್ತರರಾಗಿದ್ದರು. ಅವರು ಮನೆಯಲ್ಲಿ ಪಾಟಿ, ಬಳಪ ಮುಟ್ಟಗೊಡುತ್ತಿರಲಿಲ್ಲ. ಎಲ್ಲ ಬಾಯಿಲೆಕ್ಕ. ನಾನು ನೀರಿನ ಕೊಡ ಹೊತ್ತು ಒಳಗೆ ಬರುವಾಗ ಕೇಳುತ್ತಿದ್ದರು: "ಕೂಡಿದ್ರ ಒಂಬತ್ತು, ಗುಣಿಸಿದ್ರ ಇಪ್ಪತ್ತು. ಯಾವ್ಯಾವ?" ಕೊಡ ಇಳಿಸುವುದರೊಳಗೆ "ನಾಕು, ಐದು" ಅಂತ ಹೇಳಬೇಕು. ವರ್ಗ ಸಮೀಕರಣವನ್ನು ಅಪವರ್ತನದಿಂದ ಬಿಡಿಸುವುದೆಂದರೆ ಅಷ್ಟೇ ತಾನೆ? ಗುಣಿಸಿದರೆ ಕೊನೆಯ ಅಂಕಿ, ಕೂಡಿದರೆ ನಡುವಿನ ಅಂಕಿ ಬರುವಂಥ ಎರಡು ಸಂಖ್ಯೆ ಹುಡುಕಬೇಕು. ಸಿಕ್ಕವೋ, ಎರಡು ಕಂಸ ಬರೆದರೆ ಲೆಕ್ಕ ಮುಗಿಯಿತು. ಸೂತ್ರ ಹಾಕಿ ಬಿಡಿಸುವವರನ್ನು ಅಪ್ಪ ಊರುಗೋಲು ಹಿಡಿದವರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಬೆಳೆದೆ.

ಯಜಮಾನರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಹುಬ್ಬಳ್ಳಿಯಿಂದ ವಡೋದರಾಕ್ಕೆ ವರ್ಗವಾದಾಗ ನಮ್ಮ ಒಬ್ಬಳೇ ಮಗಳಿಗೆ ನಾಲ್ಕು ವರ್ಷ. ಅಲ್ಲಿ ಗೋರ್ವಾ ಎಂಬ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ. ಮೆಟ್ಟಿಲ ಮೇಲೆ ಗುಜರಾತಿ, ಶಾಲೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ಕನ್ನಡ ಅವಳಿಗೆ ನನ್ನ ಹತ್ತಿರ ಹಸಿವು ಹೇಳಿಕೊಳ್ಳುವುದಕ್ಕೆ ಮಾತ್ರ ಬೇಕಾಗುತ್ತಿತ್ತು. ತೊಂಬತ್ತರ ದಶಕದ ನಡುವೆ, ಅವಳು ಹತ್ತನೇ ತರಗತಿಗೆ ಬಂದ ವರ್ಷ, ಅರ್ಧ ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಫೇಲಾದಳು. ಉಳಿದ ವಿಷಯಗಳಲ್ಲಿ ಚಿಂತೆಯಿರಲಿಲ್ಲ. ಬೋರ್ಡ್ ಪರೀಕ್ಷೆಯಲ್ಲೂ ಗಣಿತ ಹೋದರೆ ಗೆಳತಿಯರೆಲ್ಲ ಹನ್ನೊಂದಕ್ಕೆ ಹೋಗುತ್ತಾರೆ, ಇವಳು ಮನೆಯಲ್ಲಿ ಕೂರುತ್ತಾಳೆ. ಅವಳು ಅದನ್ನೇ ನೆನೆಸಿ ನೆನೆಸಿ ಅತ್ತಳು.

ಫತೇಗಂಜ್‌ನಲ್ಲಿ ಒಂದು ತಿಂಡಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಗುಜರಾತಿ ಮಾಸ್ತರರು ಟ್ಯೂಷನ್ ಹೇಳುತ್ತಿದ್ದರು. ಅಲ್ಲಿಗೆ ಹಾಕಿದೆವು. ಎರಡು ತಿಂಗಳು ಹೋದಳು. ಒಂದು ದಿನ ಅವಳ ನೋಟ್‌ಬುಕ್ ತೆಗೆದು ನೋಡುತ್ತೇನೆ, ಪುಟದ ತುಂಬ ಸೂತ್ರ! ಯಾವ ಲೆಕ್ಕವಿರಲಿ, ಅದೇ ಮೈನಸ್ ಬಿ, ಅದೇ ವರ್ಗಮೂಲದ ಚಿಹ್ನೆ, ಕೆಳಗೆ ಅದೇ ಎರಡು ಎ. ನನ್ನ ಅಪ್ಪ ಕೊಡ ಇಳಿಸುವುದರೊಳಗೆ ಹೇಳಿಸುತ್ತಿದ್ದ ಲೆಕ್ಕಕ್ಕೆ ಇಲ್ಲಿ ಅರ್ಧ ಪುಟ. ಮೈಯೆಲ್ಲ ಉರಿದುಹೋಯಿತು.

ಮರುದಿನ ಅವಳನ್ನೂ ಕರೆದುಕೊಂಡು ಮಾಸ್ತರರ ಹತ್ತಿರ ಹೋದೆ. ಅವರು ಕುರ್ಚಿ ಸರಿಸಿ ಕೂರಿಸಿ, ಮೆಲ್ಲಗೆ ಹೇಳಿದರು: "ಬೆಹನ್‌ಜೀ, ಬಚ್ಚೀ ಡರ್ತೀ ಹೈ. ಫಾರ್ಮುಲಾ ಸಬ್ ಮೇಂ ಚಲ್ತಾ ಹೈ."

ಹುಡುಗಿ ಹೆದರುತ್ತಾಳೆ, ಸೂತ್ರ ಎಲ್ಲ ಲೆಕ್ಕಕ್ಕೂ ಆಗುತ್ತದೆ ಎಂದು ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ನನಗೆ ಆಗ ಕಿವಿಯೇ ಇರಲಿಲ್ಲ. ನನ್ನ ಹರಕುಮುರುಕು ಹಿಂದಿಯಲ್ಲಿ ಏನೇನೋ ಅಂದು, ಮಗಳ ಕೈ ಹಿಡಿದು ಮೆಟ್ಟಿಲಿಳಿದೆ. ಮನೆಗೆ ಬಂದವಳೇ ಸೂತ್ರದ ಪುಟಗಳನ್ನು ಹರಿದು ಒಲೆಕಟ್ಟೆ ಒರೆಸಿ ಎಸೆದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇನ್ನ ಮ್ಯಾಲೆ ಆ ಊರುಗೋಲು ಮುಟ್ಟಿದೀ ಅಂದ್ರ ನೋಡು," ಅಂದೆ.

ಅವತ್ತಿನಿಂದ ನಾನೇ ಮಾಸ್ತರು. ನಾನು ರೊಟ್ಟಿ ಬಡಿಯುವುದು, ಅವಳು ಎದುರಿಗೆ ಮಣೆ ಹಾಕಿಕೊಂಡು ಕೂರುವುದು. ರೊಟ್ಟಿ ಹಂಚಿನ ಮೇಲೆ ಬೀಳುವಾಗ ಪ್ರಶ್ನೆ, ತಿರುವಿ ಹಾಕುವಾಗ ಉತ್ತರ.

"ಕೂಡಿದ್ರ ಏಳು, ಗುಣಿಸಿದ್ರ ಹನ್ನೆರಡು?"

"ಮೂರು... ನಾಕು."

"ಶಾಣ್ಯಾಕಿ! ಕೂಡಿದ್ರ ಒಂದು, ಗುಣಿಸಿದ್ರ ಮೈನಸ್ ಹನ್ನೆರಡು?"

ಇಲ್ಲಿ ಅವಳ ಗಾಡಿ ನಿಂತುಬಿಡುತ್ತಿತ್ತು. ಮೈನಸ್ ಬಂದರೆ ಸಾಕು, ಕಣ್ಣು ಪಿಳಿಪಿಳಿ. ರೊಟ್ಟಿ ಸೀಯುತ್ತಿತ್ತು, ನನ್ನ ಸಹನೆಯೂ ಸೀಯುತ್ತಿತ್ತು.

"ಅಮ್ಮಾ, ನಿಂಗೆ ಹೆಂಗೆ ಗೊತ್ತಾಗ್ತದ?" ಎಂದು ಒಮ್ಮೆ ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ.

ನಾಲ್ಕು, ಮೈನಸ್ ಮೂರು ನನಗೆ ಹೇಗೆ ಗೊತ್ತಾಗುತ್ತದೆ? ಕಾಣುತ್ತವೆ, ಅಷ್ಟೇ. ಕಾಣುವುದನ್ನು ಕಲಿಸುವುದು ಹೇಗೆ? "ಹೊಳೀತದ," ಅಂದೆ.

"ನಂಗೆ ಹೊಳಿಯಲ್ಲ."

"ಎರಡು ಅಂಕಿ ಇದ್ದೇ ಇರ್ತಾವ. ಸಿಗಲಿಲ್ಲ ಅಂದ್ರ ನೀ ಸರಿಯಾಗಿ ಹುಡುಕಿಲ್ಲ ಅಂತ ಅರ್ಥ," ಎಂದು ಹಿಟ್ಟಿನ ಕೈಯಲ್ಲೇ ತಲೆಗೆ ಮೊಟಕಿದೆ. ಪಾಪ, ಕೂದಲಿಗೆಲ್ಲ ಜೋಳದ ಹಿಟ್ಟು.

ಇದು ಸುಳ್ಳು ಎಂದು ನನಗೆ ಗೊತ್ತಿತ್ತು. ಎಲ್ಲ ಸಮೀಕರಣಕ್ಕೂ ಅಂಥ ಜೋಡಿ ಇರುವುದಿಲ್ಲ. ಇಲ್ಲದಿದ್ದಾಗ ಸೂತ್ರವೇ ಗತಿ. ಹತ್ತನೇ ತರಗತಿಯ ಯಾವ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆದರೆ ಹಾಗೆಂದರೆ ಇವಳು ಎರಡು ಸಲ ಹುಡುಕಿ ಮೂರನೇ ಸಲಕ್ಕೆ ಸೂತ್ರಕ್ಕೆ ಓಡುತ್ತಾಳೆ ಎಂದುಕೊಂಡೆ. ಮೊದಲು ಹುಡುಕುವುದು ಕೈಗೆ ಹತ್ತಲಿ, ಆಮೇಲೆ ಹೇಳಿದರಾಯಿತು.

ಯಜಮಾನರು ಒಂದು ಸಲ ಬಾಯಿ ಹಾಕಿದರು. "ಸೂತ್ರಾನೂ ಒಂದೀಟು ಇರ್ಲಿ ಬಿಡ. ಪರೀಕ್ಷಾದಾಗ ಏನು ಬರ್ತದೋ ಏನೋ."

"ನಿಮಗ ಗಣಿತದಾಗ ಎಷ್ಟು ಬಂದಿದ್ದುವು?" ಎಂದು ಕೇಳಿದೆ. ಅವರು ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಮೂರು ತಿಂಗಳಲ್ಲಿ ಅವಳು ಸುಧಾರಿಸಿದಳು. ಮೈನಸ್ ಇದ್ದದ್ದನ್ನೂ ಹೇಳತೊಡಗಿದಳು. ಒಂದೊಂದು ಸಲ ರೊಟ್ಟಿ ತಿರುವುವ ಮೊದಲೇ ಉತ್ತರ ಬರುತ್ತಿತ್ತು, ಅವಳಿಗೇ ನಗು ಬಂದುಬಿಡುತ್ತಿತ್ತು. ನನಗೋ, ಅಪ್ಪ ಇದ್ದಿದ್ದರೆ ಎನಿಸುತ್ತಿತ್ತು. ಆ ಖುಷಿಯಲ್ಲಿ ಆಮೇಲೆ ಹೇಳಬೇಕಾದ್ದನ್ನು ಹೇಳಲೇ ಇಲ್ಲ. ಮರೆತೆ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಮರೆಯಲಿಲ್ಲ. ನಾನೇ ಬಾಯಾರೆ ಹೇಳಿದ್ದನ್ನು ನಾನೇ ತಪ್ಪು ಅನ್ನುವುದಕ್ಕೆ ನಾಚಿಕೆಯಾಗಿ, ನಾಳೆ ಹೇಳೋಣ ಎಂದು ದಿನ ದೂಡಿದೆ.

ಪರೀಕ್ಷೆಯ ದಿನ ಅಲ್ಲಿನ ರೂಢಿಯಂತೆ ಮೊಸರು ಸಕ್ಕರೆ ತಿನ್ನಿಸಿ ಕಳಿಸಿದೆ. ಮಾರ್ಚ್ ತಿಂಗಳ ಬಿಸಿಲು. ಗೇಟಿನ ಹೊರಗೆ ತಾಯಂದಿರೆಲ್ಲ ಸೆರಗು ತಲೆಗೆ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ನಿಂತಿದ್ದೆವು. ಗಂಟೆ ಹೊಡೆಯಿತು. ಬೇರೆ ಮಕ್ಕಳು ಕೂಗಾಡುತ್ತ ಬಂದರು. ನನ್ನ ಮಗಳು ಎಲ್ಲರ ಹಿಂದೆ, ಮುಖ ಬಾಡಿಸಿಕೊಂಡು ಬಂದಳು.

"ಸಾರಿ ಅಮ್ಮಾ," ಅಂದಳು. "ಒಂದು ಸಿಗ್ಲೇ ಇಲ್ಲ. ಬಹುತ್ ಢೂಂಢಾ, ಬಹಳ ಹುಡುಕ್ದೆ."

ಪ್ರಶ್ನೆಪತ್ರಿಕೆ ಕೈಯಿಂದ ತೆಗೆದುಕೊಂಡೆ. ಎಕ್ಸ್ ವರ್ಗ, ಕೂಡು ಹತ್ತು ಎಕ್ಸ್, ಕಳೆ ನಲವತ್ತೆಂಟು, ಸಮ ಸೊನ್ನೆ. ಬಿಡಿಸಿರಿ. ಪಕ್ಕದ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ನಲವತ್ತೆಂಟರ ಜೋಡಿಗಳನ್ನು ಬರೆದಿದ್ದಳು. ಒಂದು, ನಲವತ್ತೆಂಟು. ಎರಡು, ಇಪ್ಪತ್ನಾಲ್ಕು. ಮೂರು, ಹದಿನಾರು. ನಾಲ್ಕು, ಹನ್ನೆರಡು. ಆರು, ಎಂಟು. ಒಂದೊಂದರ ಪಕ್ಕಕ್ಕೂ ಅವುಗಳ ವ್ಯತ್ಯಾಸ. ಯಾವುದೂ ಹತ್ತಲ್ಲ. ಕೆಳಗೆ ಮತ್ತೆ ಅದೇ ಪಟ್ಟಿ. ಪುಟ ತಿರುವಿದರೆ ಹಿಂದೆಯೂ ಅದೇ ಪಟ್ಟಿ, ಈ ಸಲ ಇನ್ನೂ ದುಂಡಗೆ, ಎಲ್ಲಿಯೋ ತಪ್ಪಿರಬೇಕು ಎಂದು ನಿಧಾನವಾಗಿ ಬರೆದದ್ದು.

ಜೋಡಿ ಇರಲೇ ಇಲ್ಲ. ಇದು ಸೂತ್ರದ ಲೆಕ್ಕ.

"ಇದಕ್ಕ ಎಷ್ಟೊತ್ತು ಕೂತೀ?"

"ಬಹಳ. ಲಾಸ್ಟಿನ ಎರಡು ಲೆಕ್ಕ ಆಗ್ಲಿಲ್ಲ. ನಾ ಸರಿ ಹುಡುಕ್ಲಿಲ್ಲ, ಅಲ್ಲಾ?"

ಆಗಲೇ ಹೇಳಬೇಕಾಗಿತ್ತು. ಸುತ್ತ ಜನ, ಬಿಸಿಲು, ರಿಕ್ಷಾದವನ ಹಾರ್ನು. "ಇರ್ಲಿ ಬಿಡವಾ, ಆತು, ನೀರು ಕುಡಿ," ಅಂದೆ. ರಿಕ್ಷಾ ಹತ್ತಿಸಿಕೊಂಡು ಮನೆಗೆ ಬಂದೆ. ಫಲಿತಾಂಶದವರೆಗೂ ಬಾಯಿ ಬಿಡಲಿಲ್ಲ. ಪಾಸಾದರೆ ಹೇಳುವ ಅಗತ್ಯವೇ ಬರುವುದಿಲ್ಲವಲ್ಲ ಎಂದು ದೇವರಿಗೆ ದಿನಾ ದೀಪ ಹಚ್ಚಿದೆ. ಎಂಥಾ ಹೇಡಿ ನಾನು!

ಪಾಸಾಗಲಿಲ್ಲ. ಗಣಿತದಲ್ಲಿ ಮೂರು ಅಂಕ ಕಡಿಮೆ ಬಿದ್ದವು. ಆ ಒಂದು ಲೆಕ್ಕಕ್ಕೇ ನಾಲ್ಕು ಅಂಕವಿತ್ತು. ಯಜಮಾನರು ಅಂಕಪಟ್ಟಿ ನೋಡಿದರು, ನನ್ನನ್ನು ನೋಡಿದರು, ಅದನ್ನು ಮಡಚಿ ಕಪಾಟಿನಲ್ಲಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿ ಜಗಳವಾದರೂ ಆಡಬಹುದಿತ್ತು.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. ಆ ಲೆಕ್ಕಕ್ಕೆ ಜೋಡಿ ಇರಲಿಲ್ಲ, ಎಲ್ಲದಕ್ಕೂ ಇರುವುದಿಲ್ಲ, ನನಗೆ ಗೊತ್ತಿತ್ತು, ನಾನು ನಿನಗೆ ಸುಳ್ಳು ಹೇಳಿದೆ. ಕನ್ನಡದಲ್ಲಿ ಹೇಳಿದೆ. ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಹಿಂದಿಯಲ್ಲೂ ಹೇಳಿದೆ.

ಅವಳು ಗೋಡೆಗೇ ಹೇಳಿದಳು: "ಫಾರ್ಮುಲಾ ನಂಗೆ ಬರ್ತಿತ್ತು ಅಮ್ಮಾ. ಪೂರಾ ಯಾದ್ ಇತ್ತು. ನೀ ಬ್ಯಾಡ ಅಂದಿದ್ದಿ, ಅದಕ್ಕೆ ಬರೀಲಿಲ್ಲ."

ನಾನು ಅವಳ ಬೆನ್ನ ಮೇಲೆ ಕೈ ಇಡಲು ಹೋದೆ. ಇಡಲಾಗಲಿಲ್ಲ. ಆ ಕೈಯಿಂದಲೇ ಪುಟ ಹರಿದಿದ್ದೆ. ಅಪ್ಪ ಕಲಿಸಿದ ಬಾಯಿಲೆಕ್ಕವೆಲ್ಲ ತಲೆಯಲ್ಲಿ ಗಿರಗಿರ ತಿರುಗಿತು, ಒಂದಾದರೂ ಕೆಲಸಕ್ಕೆ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಬಹುದಿತ್ತು. ಮಾನ ಮರ್ಯಾದೆ ನುಂಗಿಕೊಂಡು ಅವಳನ್ನು ಕರೆದುಕೊಂಡು ಫತೇಗಂಜ್‌ನ ಆ ಮೆಟ್ಟಿಲು ಹತ್ತಿದೆ. ಮಾಸ್ತರರು ಹಳೆಯದೇನೂ ಎತ್ತಲಿಲ್ಲ. ಕುರ್ಚಿ ಸರಿಸಿದರು, ಕಪ್ಪು ಹಲಗೆ ಒರೆಸಿದರು, ಮಗಳ ಕಡೆ ತಿರುಗಿ, ಸೂತ್ರ ನೆನಪಿದೆಯೇ ಎಂದು ಕೇಳಿದರು: "ಬೇಟಾ, ಫಾರ್ಮುಲಾ ಯಾದ್ ಹೈ?"

ಅವಳು ಮೊದಲು ನನ್ನ ಮುಖ ನೋಡಿದಳು.

ನಾನು ಆಗಲಿ ಎಂದು ತಲೆ ಆಡಿಸಿದೆ. ಆಮೇಲೆ ಅವಳು ಹೌದು ಎಂದಳು.